ಅಮ್ಮ ಲೋಕಸಭೆಗೆ ನಿಂತ ಬೇಸಿಗೆ

ಆ ಕಾಲ ಎಷ್ಟು ಚೆಂದ, ಆ ಜನ ಎಷ್ಟು ಒಳ್ಳೆಯವರು ಎಂದು ಬಾಲ್ಯದ ಬಗ್ಗೆ ಬರೆಯುವವರನ್ನು ಕಂಡರೆ ನನಗೆ ರೇಗುತ್ತದೆ. ಚೆಂದ ಇದ್ದದ್ದು ನಿಜ, ಇಲ್ಲ ಎನ್ನುವುದಿಲ್ಲ. ಭದ್ರಾವತಿಯಲ್ಲಿ ಆಗ ನಾವಿದ್ದ ಶೀಟಿನ ಸಾಲುಮನೆಗಳಲ್ಲಿ ಒಂದು ಮನೆಯ ಬೆಳ್ಳುಳ್ಳಿ ಒಗ್ಗರಣೆ ಎಲ್ಲ ಮನೆಯ ಮೂಗಿಗೂ ಹೊಡೆಯುತ್ತಿತ್ತು. ಒಬ್ಬರ ಮನೆ ಮಾವಿನಕಾಯಿಗೆ ಇನ್ನೊಬ್ಬರ ಮನೆಯ ಉಪ್ಪು ಖಾರ ಹಚ್ಚಿಕೊಂಡು ಮೂರನೆಯವರ ಜಗಲಿಯಲ್ಲಿ ಕೂತು ತಿನ್ನುತ್ತಿದ್ದೆವು. ಅಂಥ ಕಡೆ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಒಳ್ಳೆಯತನ ಬೇಕಾದ ಹೊತ್ತಿಗೆ ಹೇಗೆ ಕೈಕೊಡುತ್ತಿತ್ತು ಎನ್ನುವುದನ್ನು ಯಾರೂ ಬರೆಯುವುದಿಲ್ಲ. ನಾನು ಬರೆಯುತ್ತೇನೆ. ನಮ್ಮಮ್ಮ ಲೋಕಸಭೆ ಚುನಾವಣೆಗೆ ನಿಂತ ಬೇಸಿಗೆ ಅದು. ನನಗೆ ಹತ್ತು ವರ್ಷ, ಐದನೇ ಕ್ಲಾಸಿನ ಪರೀಕ್ಷೆ ಮುಗಿದಿತ್ತು.

ನಾವಿದ್ದ ಜಾಗಕ್ಕೆ ಎಲ್ಲರೂ ಲೈನ್ ಎನ್ನುತ್ತಿದ್ದರು. ಹನ್ನೆರಡು ಮನೆ, ಮಧ್ಯದಲ್ಲಿ ಒಂದು ನಲ್ಲಿ. ಗಂಡಸರೆಲ್ಲ ಹತ್ತಿರದ ಒಂದು ಕಾರ್ಖಾನೆಯಲ್ಲಿ ಕಂಟ್ರಾಕ್ಟ್ ಕೂಲಿಗಳು. ಒಗೆದು ಹಾಕಿದ ಬಿಳಿ ಬಟ್ಟೆ ಸಂಜೆಯೊಳಗೆ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ನೆಲಕ್ಕೆ ಕಲ್ಲಿದ್ದಲ ಚೂರಿನಲ್ಲಿ ಗೆರೆ ಎಳೆದು ಕುಂಟೆಬಿಲ್ಲೆ ಆಡಿ ನಮ್ಮ ಅಂಗಾಲು ಯಾವಾಗಲೂ ಕಪ್ಪು. ಕನ್ನಡದವರು, ತಮಿಳರು, ತೆಲುಗರು ಎಲ್ಲ ಇದ್ದರು. ಜಗಳ ಬಂದಾಗ ಅವರವರ ಭಾಷೆಯಲ್ಲಿ ಬೈಯುತ್ತಿದ್ದರು, ಎಲ್ಲರಿಗೂ ಅರ್ಥವಾಗುತ್ತಿತ್ತು.

ಈ ಲೈನಿನಲ್ಲಿ ಒಂದು ರೂಢಿ ಇತ್ತು. ಗಂಡಸರ ಸಹಿಯನ್ನು ಹೆಂಗಸರು ಹಾಕುವುದು. ಗಂಡಸರು ಶಿಫ್ಟಿನಲ್ಲಿರುತ್ತಿದ್ದರು, ಇಲ್ಲವೇ ಶಿಫ್ಟು ಮುಗಿಸಿ ಬಂದು ಹೆಣದ ಹಾಗೆ ಬಿದ್ದುಕೊಂಡಿರುತ್ತಿದ್ದರು. ರೇಷನ್ ಅಂಗಡಿಯ ಪುಸ್ತಕ, ಪೋಸ್ಟ್‌ಮನ್ ತಂದ ರಿಜಿಸ್ಟರು, ಮಕ್ಕಳ ಪ್ರೋಗ್ರೆಸ್ ಕಾರ್ಡು ಯಾವುದೇ ಬಂದರೂ ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಗಂಡನ ಸಹಿ ಎಳೆದುಬಿಡುತ್ತಿದ್ದಳು. ಹೆಂಡತಿಗೆ ಅಕ್ಷರ ಬಾರದಿದ್ದರೆ ಪಕ್ಕದ ಮನೆಯವಳು ಬಂದು ಹಾಕುತ್ತಿದ್ದಳು. ನಮ್ಮ ಪಕ್ಕದ ಮನೆಯ ಗೌರತ್ತೆ ನನ್ನ ಪ್ರೋಗ್ರೆಸ್ ಕಾರ್ಡಿಗೂ ಒಮ್ಮೆ ನಮ್ಮಪ್ಪನ ಸಹಿ ಹಾಕಿ, "ಲೆಕ್ಕದಲ್ಲಿ ಇಷ್ಟೇನೇನೇ? ನಿಮ್ಮಪ್ಪ ಬರ್ಲಿ ತಡಿ" ಎಂದು ಕಿವಿ ಹಿಂಡಿದ್ದಳು. ಅದರಲ್ಲಿ ಕಳ್ಳತನವಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ಕಾಫಿಪುಡಿ ಕೇಳಿ ತಂದಷ್ಟೇ ಸಲೀಸಾಗಿತ್ತು ಅದು.

ಗೌರತ್ತೆಯ ಗಂಡ ಶಿವಣ್ಣಮಾವ. ಮಕ್ಕಳಿರಲಿಲ್ಲ ಅವರಿಗೆ. ನನಗೆ ಸೈಕಲ್ ಕಲಿಸಿದ್ದು ಅವನೇ. ಶಿಫ್ಟು ಮುಗಿಸಿ ಬರುವಾಗ ಪೇಪರ್ ಪೊಟ್ಟಣದಲ್ಲಿ ಖಾರ ಮಂಡಕ್ಕಿ ತಂದು, ನಮ್ಮ ಜಗಲಿ ಮೇಲೆ ಕೂತು, ಮೊದಲ ಹಿಡಿ ನನ್ನ ಅಂಗೈಗೆ ಹಾಕುತ್ತಿದ್ದ. ಆಗೆಲ್ಲ ನಾನು ಅವನನ್ನು ಬಹುವಚನದಲ್ಲಿ ಮಾತನಾಡಿಸುತ್ತಿದ್ದೆ. ಈಗ ಬರೆಯಲು ಕೂತರೆ ಏಕವಚನವೇ ಬರುತ್ತದೆ, ಬರಲಿ.

ನಮ್ಮಮ್ಮ ಜಯಮ್ಮ. ಎಸ್ಸೆಸ್ಸೆಲ್ಸಿ ಪಾಸು. ಜಗಲಿ ಮೇಲೆ ಹೊಲಿಗೆ ಮೆಷಿನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ಲೈನಿನವರಿಗೆಲ್ಲ ಅರ್ಜಿ ಬರೆದುಕೊಡುವವಳೂ ಅವಳೇ. ಆ ವರ್ಷ ಕಾರ್ಖಾನೆಯ ಕೂಲಿ ಕೆಲಸಕ್ಕೆ ಹೊಸ ಕಂಟ್ರಾಕ್ಟರ್ ಬಂದ. ಬಂದವನೇ ಹಳಬರ ಗೇಟ್ ಪಾಸ್ ಕಿತ್ತುಕೊಳ್ಳತೊಡಗಿದ. ನಮ್ಮಪ್ಪ ಹನ್ನೆರಡು ವರ್ಷ ಬಿಸಿ ಕಬ್ಬಿಣದ ಹತ್ತಿರ ದುಡಿದವನು, ಒಂದು ಸೋಮವಾರ ಬೆಳಿಗ್ಗೆ ಊಟದ ಡಬ್ಬಿ ಹಿಡಿದುಕೊಂಡು ಗೇಟಿನಿಂದ ವಾಪಸ್ ಬಂದ. ಆ ಡಬ್ಬಿಯಲ್ಲಿದ್ದ ಚಿತ್ರಾನ್ನವನ್ನು ಮಧ್ಯಾಹ್ನ ನಾವೆಲ್ಲ ಹಂಚಿಕೊಂಡು ತಿಂದೆವು, ಅಪ್ಪ ಮಾತ್ರ ತಿನ್ನಲಿಲ್ಲ. ಯುಗಾದಿ ಹೊತ್ತಿಗೆ ಲೈನಿನಲ್ಲಿ ಪಾಸ್ ಉಳಿದದ್ದು ಶಿವಣ್ಣಮಾವ ಒಬ್ಬನಿಗೆ.

ಅಮ್ಮ ಅರ್ಜಿ ಬರೆದಳು. ಲೇಬರ್ ಆಫೀಸಿಗೆ, ಮಂತ್ರಿಗೆ, ದೆಲ್ಲಿಗೆ. ಒಂದಕ್ಕೂ ಉತ್ತರ ಬರಲಿಲ್ಲ. ಚುನಾವಣೆ ಘೋಷಣೆಯಾದ ಮೇಲೆ ಒಂದು ದಿನ ರವಿಕೆಗೆ ಕಾಜ ಹಾಕುತ್ತಾ ಕೂತವಳು ತಲೆಯೆತ್ತದೇ ಹೇಳಿದಳು.

"ನಾನೇ ನಿಂತ್ಕೋತೀನಿ ರೀ."

"ಎಲ್ಲಿ?" ಅಪ್ಪ ಕೇಳಿದ.

"ಎಲೆಕ್ಷನ್‌ಗೆ. ಬರೆದ ಅರ್ಜಿ ಓದೋರಿಲ್ಲ ಅಂದ್ಮೇಲೆ ಓದೋ ಜಾಗಕ್ಕೇ ಹೋಗಿ ಕೂತ್ಕೋಬೇಕು."

ಅಪ್ಪ ನಕ್ಕ. "ನಿಂಗೇನು ತಲೆಗಿಲೆ ಕೆಟ್ಟಿದ್ಯಾ ಮಾರಾಯ್ತಿ? ಆ ದೊಡ್ಡ ದೊಡ್ಡವರ ಮುಂದೆ ನೀನು?"

"ಗೆಲ್ತೀನಿ ಅಂದ್ನಾ? ನಮ್ಮ ಮಾತನ್ನ ಮೈಕಲ್ಲಿ ಹೇಳೋಕೆ ಒಂದು ಹದಿನೈದು ದಿನ ಸಿಗುತ್ತಲ್ಲ. ಈ ಗೇಟಿನ ಮುಂದೆ ನಿಂತು ಹೇಳ್ತೀನಿ. ಪೊಲೀಸರೂ ಓಡ್ಸಂಗಿಲ್ಲ, ಕಂಟ್ರಾಕ್ಟರೂ ಓಡ್ಸಂಗಿಲ್ಲ. ಅಷ್ಟು ಸಾಕು ನಂಗೆ."

ಅಪ್ಪನ ನಗು ನಿಂತಿತು. ಅಮ್ಮ ಕೇಳಿದ್ದು ಅಷ್ಟೇ, ಹದಿನೈದು ದಿನ. ಇದನ್ನು ನೆನಪಿಟ್ಟುಕೊಳ್ಳಿ.

ಶಿವಮೊಗ್ಗದ ಡಿಸಿ ಆಫೀಸಿನಿಂದ ಅಪ್ಪ ಫಾರಂ ತಂದ. ಪಕ್ಷದ ಟಿಕೆಟ್ ಇಲ್ಲದವರಿಗೆ ಕ್ಷೇತ್ರದ ಹತ್ತು ಮತದಾರರು ಸೂಚಕರಾಗಿ ಸಹಿ ಹಾಕಬೇಕಂತೆ. ಹೆಬ್ಬೆಟ್ಟು ಒತ್ತುವವರಾದರೆ ಆಫೀಸರ ಎದುರಿಗೇ ಬಂದು ಒತ್ತಬೇಕು. ಅದಕ್ಕೆ ಸಹಿ ಬರುವವರನ್ನೇ ಹುಡುಕಿದರು. ಮತದಾರರ ಪಟ್ಟಿಯಲ್ಲಿ ಹೆಸರಿದ್ದು ಸಹಿಯೂ ಬರುವವರು ನಮ್ಮ ಲೈನಿನಲ್ಲಿ ಕರೆಕ್ಟಾಗಿ ಹತ್ತು ಜನ. ಎಂಥ ಖುಷಿ ಅವತ್ತು! ಮೂಲೆ ಮನೆಯ ಸೆಲ್ವಿಯಕ್ಕ ಸಹಿ ಹಾಕುವ ಮುಂಚೆ ದೇವರ ಮುಂದೆ ಊದುಬತ್ತಿ ಹಚ್ಚಿ ಬಂದು, "ಜಯಕ್ಕ, ಗೆದ್ರೆ ಈ ನಲ್ಲಿ ಜೊತೆಗೆ ಇನ್ನೊಂದು ನಲ್ಲಿ ಹಾಕ್ಸು" ಎಂದಳು. ಲೋಕಸಭೆಯಲ್ಲಿ ನಲ್ಲಿ ಹಾಕಿಸುವುದಿಲ್ಲ ಎಂದು ಅಪ್ಪ ಹೇಳಿದ್ದಕ್ಕೆ, "ಮತ್ಯಾಕೆ ಅಲ್ಲಿಗೆ ಹೋಗೋದು?" ಎಂದು ಕೇಳಿ ಎಲ್ಲರನ್ನೂ ನಗಿಸಿದಳು. ಗೌರತ್ತೆಯದು ಒಂಬತ್ತನೆಯ ಸಹಿ. ಹತ್ತನೆಯದು ಶಿವಣ್ಣಮಾವನದು. ಅವನು ಡಬಲ್ ಶಿಫ್ಟಿನಲ್ಲಿದ್ದ, ಮಾರನೆಯ ದಿನ ಮಧ್ಯಾಹ್ನದವರೆಗೆ ಬರುವಂತಿರಲಿಲ್ಲ. ಮಾರನೆಯ ದಿನವೇ ನಾಮಪತ್ರಕ್ಕೆ ಕೊನೆಯ ದಿನ.

"ಬೆಳಿಗ್ಗೆ ಗೇಟಿಗೆ ಹೋಗಿ ಹಾಕಿಸ್ಕೊಂಡು ಬಸ್ ಹತ್ತೀನಿ" ಎಂದಳು ಅಮ್ಮ.

ಗೌರತ್ತೆ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. "ಗೇಟಿನ ಹತ್ರ ಆ ಕಂಟ್ರಾಕ್ಟರ್ ಕಣ್ಣಿಗೆ ಬಿದ್ರೆ ಇವರ ಪಾಸೂ ಹೋಗುತ್ತೆ ಅಷ್ಟೇ. ಕೊಡು ಇಲ್ಲಿ ಜಯಕ್ಕ. ಇವತ್ತೇನು ಹೊಸದಾ?" ಎಂದು ಕೈ ತೊಳೆದುಕೊಂಡು, ಫಾರಂ ಅನ್ನು ಅಕ್ಕಿ ಡಬ್ಬಿಯ ಮೇಲಿಟ್ಟು ಗಂಡನ ಸಹಿ ಹಾಕಿದಳು. ನಾನು ಅಲ್ಲೇ ರೊಟ್ಟಿಗೆ ಕಾಯುತ್ತಾ ಕೂತಿದ್ದೆ, ಕಣ್ಣಾರೆ ನೋಡಿದೆ. ಅಮ್ಮ ಒಂದು ಕ್ಷಣ ತಡೆದಳು. ಆಮೇಲೆ ಫಾರಂ ಎತ್ತಿಟ್ಟುಕೊಂಡಳು. ಊರಿಗೆಲ್ಲ ಅರ್ಜಿ ಬರೆದವಳಿಗೂ ಇದು ರೇಷನ್ ಪುಸ್ತಕ ಅಲ್ಲ ಎನ್ನುವುದು ಹೊಳೆಯಲಿಲ್ಲ ನೋಡಿ.

ಮಾರನೆಯ ದಿನ ನಾಮಪತ್ರ ಕೊಟ್ಟು ಬಂದರು. ಸಂಜೆ ಲೈನಿನಲ್ಲಿ ಹಬ್ಬ. ಅಮ್ಮ ಹೊಲಿಗೆ ಯಂತ್ರದ ಗುರುತು ಕೇಳಿದ್ದಾಳೆ ಎಂದು ಗೊತ್ತಾದದ್ದೇ ತಡ, ನಾವು ಮಕ್ಕಳೆಲ್ಲ ಕಲ್ಲಿದ್ದಲು ಹಿಡಿದು ಹನ್ನೆರಡು ಮನೆಯ ಗೋಡೆಗೂ ಹೊಲಿಗೆ ಮೆಷಿನ್ ಬರೆದೆವು. ಕೆಲವು ಮೆಷಿನ್ ಕುದುರೆಯ ಹಾಗಿದ್ದವು. "ಇನ್ನೂ ಗುರುತು ಕೊಟ್ಟಿಲ್ಲ ಕಣ್ರೋ, ಗೋಡೆ ಹಾಳು ಮಾಡ್ಬೇಡಿ" ಎಂದು ಅಮ್ಮ ಗದರಿದಳು, ಆದರೆ ಅವಳ ಮುಖದಲ್ಲಿ ನಗು ಇತ್ತು. ಅಷ್ಟರಲ್ಲಿ ಶಿವಣ್ಣಮಾವ ಮಂಡಕ್ಕಿ ಪೊಟ್ಟಣ ಹಿಡಿದುಕೊಂಡು ಬಂದ.

"ಏನ್ರೀ, ನಿಮ್ಮ ಸಹಿ ನಾನೇ ಹಾಕ್ದೆ" ಎಂದಳು ಗೌರತ್ತೆ.

"ಹಾಕ್ದ್ಯಾ? ಒಳ್ಳೇದಾಯ್ತು. ನನ್ನ ಸಹಿ ನನಗಿಂತ ಚೆನ್ನಾಗಿ ನೀನೇ ಹಾಕ್ತೀಯ ಬಿಡು." ಅಮ್ಮನ ಕಡೆ ತಿರುಗಿ ಕೈಮುಗಿದ. "ಜಯಕ್ಕ, ದೆಲ್ಲಿಗೆ ಹೋದ್ಮೇಲೆ ಈ ಬಡವರನ್ನ ಮರೀಬೇಡಿ ಮತ್ತೆ." ಎಲ್ಲರೂ ನಕ್ಕರು. ನನ್ನ ಅಂಗೈಗೆ ಮೊದಲ ಹಿಡಿ ಮಂಡಕ್ಕಿ ಬಿತ್ತು. ಈ ಕಿವಿಯಲ್ಲಿ ಕೇಳಿದ್ದೇನೆ ನಾನು ಆ ಮಾತು.

ಮರುದಿನ ನಾಮಪತ್ರಗಳ ಪರಿಶೀಲನೆ. ಅಮ್ಮ ಹಸಿರು ಅಂಚಿನ ಸೀರೆ ಉಟ್ಟಿದ್ದಳು. ನಾನೂ ಬರುತ್ತೇನೆ ಎಂದು ಹಟ ಹಿಡಿದೆ, ಕರೆದುಕೊಂಡು ಹೋದರು. ಶಿವಮೊಗ್ಗದ ಬಸ್ಸಿನಲ್ಲಿ ಅಮ್ಮ ತುಟಿಯಲ್ಲೇ ಭಾಷಣ ಹೇಳಿಕೊಳ್ಳುತ್ತಿದ್ದಳು. ಡಿಸಿ ಆಫೀಸಿನಲ್ಲಿ ಅಪ್ಪ ಅಮ್ಮ ಒಳಗೆ ಹೋದರು, ನನ್ನನ್ನು ಹೊರಗೆ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕೂರಿಸಿದರು. ಕಿಟಕಿ ತೆರೆದಿತ್ತು, ಒಳಗಿನ ಮಾತೆಲ್ಲ ಕೇಳುತ್ತಿತ್ತು.

ಸ್ವಲ್ಪ ಹೊತ್ತಿಗೆ ಒಂದು ಜೀಪು ಬಂದು ನಿಂತಿತು. ಅದರಿಂದ ಕರಿ ಕೋಟಿನ ವಕೀಲರೊಬ್ಬರು ಇಳಿದರು. ಹಿಂದೆಯೇ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಶಿವಣ್ಣಮಾವ! ನನಗೆ ಖುಷಿಯೋ ಖುಷಿ. ಅಮ್ಮನಿಗೆ ಜೊತೆಯಾಗಿರಲು ಕೆಲಸ ಬಿಟ್ಟು ಬಂದಿದ್ದಾರೆ ಅಂದುಕೊಂಡೆ. ಓಡಿ ಹೋಗಿ ಕೈ ಹಿಡಿದೆ. "ಮಾವಾ, ಅಮ್ಮ ಒಳಗಿದಾಳೆ, ಬನ್ನಿ ತೋರಿಸ್ತೀನಿ" ಎಂದು ಬೆರಳು ಹಿಡಿದು ಎಳೆದುಕೊಂಡು ಹೋಗಿ ಆ ಬಾಗಿಲವರೆಗೂ ಬಿಟ್ಟು ಬಂದೆ. ನಾನೇ ಬಿಟ್ಟು ಬಂದೆ! ಇವತ್ತಿಗೂ ನೆನೆದರೆ ಮೈಯೆಲ್ಲ ಉರಿಯುತ್ತದೆ. ಅವನ ಅಂಗೈ ಬೆವೆತು ಒದ್ದೆಯಾಗಿತ್ತು.

ಒಳಗೆ ವಕೀಲರ ದನಿ ಕೇಳಿತು, ಸೂಚಕರೊಬ್ಬರ ಸಹಿಗೆ ಆಕ್ಷೇಪಣೆ ಇದೆ ಎಂದು. ನಾನು ಬೆಂಚಿನ ಮೇಲೆ ಹತ್ತಿ ನಿಂತೆ. ಚುನಾವಣಾಧಿಕಾರಿ ಕಾಗದ ಮುಂದೆ ಹಿಡಿದು ಕೇಳಿದರು. "ಇದು ನಿಮ್ಮ ಸಹೀನಾ?"

"ಅಲ್ಲ ಸಾರ್" ಎಂದ ಶಿವಣ್ಣಮಾವ. "ನಾನು ಅವತ್ತು ಡ್ಯೂಟಿಲಿದ್ದೆ ಸಾರ್. ಬೇಕಾದ್ರೆ ಹಾಜರಿ ನೋಡಿ."

ಸುಳ್ಳು ಹೇಳಿದ್ದರೆ ಮುಖಕ್ಕೆ ಉಗಿದು ಮರೆಯಬಹುದಿತ್ತು. ಅವನು ನಿಜ ಹೇಳಿದ. ಒಂದಕ್ಷರ ಸುಳ್ಳಿಲ್ಲ. ಹಿಂದಿನ ಸಂಜೆ ಒಪ್ಪಿ ನಕ್ಕದ್ದನ್ನು ಅಧಿಕಾರಿ ಕೇಳಲಿಲ್ಲ, ಅವನು ಹೇಳಲಿಲ್ಲ.

ಅಧಿಕಾರಿ ಅಮ್ಮನ ಕಡೆ ತಿರುಗಿದರು. "ಹಾಗಾದ್ರೆ ಈ ಸಹಿ ಯಾರು ಹಾಕಿದ್ದು ಅಮ್ಮ? ಇದು ಫೋರ್ಜರಿ. ಹಾಕಿದವರ ಮೇಲೆ ಕೇಸಾಗುತ್ತೆ, ಗೊತ್ತಲ್ಲ?"

ನಾನು ಕಿಟಕಿಯ ಸರಳು ಹಿಡಿದು ಕೂಗಿಯೇ ಬಿಡುತ್ತಿದ್ದೆ. ಗೌರತ್ತೆ ಹಾಕಿದ್ದು! ಮಾವನಿಗೂ ಗೊತ್ತು, ಸರಿ ಅಂದ್ರು, ನಾನು ನೋಡಿದೀನಿ! ಬಾಯಿ ತೆರೆದೆ. ಅಮ್ಮ ತಿರುಗಿ ನೋಡಿದಳು. ಅವಳ ಕಣ್ಣು ಕಂಡು ಬಾಯಿ ತಾನಾಗಿ ಮುಚ್ಚಿಕೊಂಡಿತು.

"ಗೊತ್ತಿಲ್ಲ ಸಾರ್" ಎಂದಳು ಅಮ್ಮ.

ಸೂಚಕರು ಒಂಬತ್ತೇ ಆದರು. ನಾಮಪತ್ರ ತಿರಸ್ಕೃತ. ಅಷ್ಟೇ, ಬಸ್ ಟಿಕೆಟ್ ಹರಿದು ಕೊಡುವಷ್ಟು ಹೊತ್ತೂ ಹಿಡಿಯಲಿಲ್ಲ. ಒಬ್ಬರು ನಾಲ್ಕು ನಾಮಪತ್ರಗಳವರೆಗೆ ಕೊಡಬಹುದಿತ್ತಂತೆ. ಒಂದು ಹೋದರೆ ಇನ್ನೊಂದು ಉಳಿಯಲಿ ಎಂದು ದೊಡ್ಡವರೆಲ್ಲ ನಾಲ್ಕೂ ಕೊಟ್ಟಿರುತ್ತಾರಂತೆ. ಅಲ್ಲಿನ ಗುಮಾಸ್ತರೊಬ್ಬರು ಇದನ್ನು ಅಪ್ಪನಿಗೆ ಆಮೇಲೆ ಕರುಣೆಯಿಂದ ಹೇಳಿದರು. ಮುಂಚೆ ಯಾರ ಬಾಯಿಗೆ ಬೀಗ ಬಿದ್ದಿತ್ತೋ.

ವಾಪಸ್ ಬಸ್ಸಿನಲ್ಲಿ ನಾನು ಅಳುತ್ತಾ ಕೇಳಿದೆ. "ಯಾಕಮ್ಮ ಸುಳ್ಳು ಹೇಳ್ದೆ? ನಿಜ ಹೇಳ್ಬೇಕಿತ್ತು."

"ನಿಜ ಹೇಳೋಕೆ ಅಲ್ಲಿ ಒಬ್ಬ ಬಂದಿದ್ನಲ್ಲ. ಸಾಕು."

ಭದ್ರಾವತಿಯವರೆಗೂ ಅಪ್ಪ ಬಸ್ಸಿನ ಮುಂದಿನ ಸೀಟಿನ ಕಂಬಿಗೆ ಹಣೆ ಒತ್ತಿಕೊಂಡು ಕೂತಿದ್ದ.

ಲೈನಿಗೆ ಸುದ್ದಿ ನಮಗಿಂತ ಮುಂಚೆ ತಲುಪಿತ್ತು. ಸೆಲ್ವಿಯಕ್ಕ "ಅಯ್ಯೋ ಕಡವುಳೇ" ಎಂದು ದೇವರನ್ನು ಕರೆಯುತ್ತಾ ತಲೆ ಮೇಲೆ ಕೈ ಹೊತ್ತು ಕೂತಿದ್ದಳು. ಗೌರತ್ತೆ ನಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಅಷ್ಟು ಕೆಂಪಾದ ಕಣ್ಣು ನಾನು ನೋಡಿರಲಿಲ್ಲ.

"ಜಯಕ್ಕ, ನಾನು ಈಗ್ಲೇ ಶಿವಮೊಗ್ಗಕ್ಕೆ ಹೋಗ್ತೀನಿ. ನಾನೇ ಹಾಕಿದ್ದು, ಅವರಿಗೂ ಗೊತ್ತಿತ್ತು ಅಂತ ಹೇಳ್ತೀನಿ. ಹತ್ತು ವರ್ಷದಿಂದ ರೇಷನ್ ತಗೊಂಡಿದ್ದು ಆ ಸಹೀಲೇ. ಈ ಮನೆ ಬಾಡಿಗೆ ಕರಾರು ಆ ಸಹೀಲೇ. ಆವಾಗೆಲ್ಲ ಅದು ಅವರ ಸಹಿನೇ ಆಗಿತ್ತಲ್ಲ!"

"ಸುಮ್ನಿರು ಗೌರಿ" ಎಂದಳು ಅಮ್ಮ. "ನೀನು ಹೇಳಿದ್ರೆ ನಿನ್ನ ಜೈಲಿಗೆ ಹಾಕ್ತಾರೆ. ನನ್ನ ಎಲೆಕ್ಷನ್ ವಾಪಸ್ ಬರಲ್ಲ."

"ಹಂಗಂತ ನಾನು ಆ ಮನುಷ್ಯನಿಗೆ ಅನ್ನ ಹಾಕ್ಬೇಕಾ?"

ಗೌರತ್ತೆ ಅನ್ನ ಹಾಕಿದಳು. ಹಾಕದೆ ಎಲ್ಲಿಗೆ ಹೋಗುತ್ತಾಳೆ?

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅಮ್ಮ ತೆಂಗಿನ ನಾರು ಹಿಡಿದು ಗೋಡೆ ಉಜ್ಜುತ್ತಿದ್ದಳು. ನಮ್ಮ ಮನೆಯದಾದ ಮೇಲೆ ಪಕ್ಕದ ಮನೆ, ಅದರ ಪಕ್ಕದ ಮನೆ. ಹನ್ನೆರಡು ಮನೆಯ ಹೊಲಿಗೆ ಮೆಷಿನ್‌ಗಳನ್ನೂ ಅವಳೊಬ್ಬಳೇ ಅಳಿಸಿದಳು. ಕಲ್ಲಿದ್ದಲ ಮಸಿ ಪೂರ್ತಿ ಹೋಗದೆ ಮೋಡದ ಹಾಗೆ ಹರಡಿಕೊಂಡಿತು. ಸಹಾಯಕ್ಕೆ ಯಾರೂ ಬರಲಿಲ್ಲ. ನೋಡುತ್ತಾ ನಿಂತಿದ್ದರು, ಎಲ್ಲರೂ ಒಳ್ಳೆಯವರು.

ಆಮೇಲಿನದನ್ನು ಚುಟುಕಾಗಿ ಹೇಳಿಬಿಡುತ್ತೇನೆ, ಉದ್ದಕ್ಕೆ ಬರೆದರೆ ಸಿಟ್ಟು ಬರುತ್ತದೆ. ಅವತ್ತು ಜೀಪನ್ನೂ ವಕೀಲರನ್ನೂ ಕಳಿಸಿದ್ದ ಆ ಕಂಟ್ರಾಕ್ಟರ್ ಶಿವಣ್ಣಮಾವನನ್ನು ಮೇಸ್ತ್ರಿ ಮಾಡಿದ. ಅವನ ಕೈಕೆಳಗೆ ನಾಲ್ಕು ಜನ. ಒಂದು ಶಿಳ್ಳೆ, ಒಂದು ಹಳದಿ ಹೆಲ್ಮೆಟ್ಟು! ಇಷ್ಟಕ್ಕೆ! ಮಳೆ ಹಿಡಿಯುವ ಹೊತ್ತಿಗೆ ಅವರು ಲೈನ್ ಬಿಟ್ಟು ಹೋದರು. ಸಾಮಾನು ಹೇರಿದ ಗಾಡಿಯ ಹಿಂದೆ ಗೌರತ್ತೆ ತಿರುಗಿ ನೋಡದೆ ನಡೆದಳು. ನಮ್ಮಪ್ಪನಿಗೆ ಗೇಟ್ ಪಾಸ್ ಮತ್ತೆ ಸಿಗಲೇ ಇಲ್ಲ, ಹಮಾಲಿ ಮಾಡಿ ನನ್ನನ್ನು ಓದಿಸಿದ. ಅಮ್ಮ ಅರ್ಜಿ ಬರೆದುಕೊಡುವುದನ್ನು ಬಿಡಲಿಲ್ಲ. ಆದರೆ ಬರೆದಾದ ಮೇಲೆ, "ಸಹಿ ನೀನೇ ಹಾಕು, ಇಲ್ಲೇ, ನನ್ನ ಕಣ್ಮುಂದೆ" ಎನ್ನುತ್ತಿದ್ದಳು. ಲೈನಿನಲ್ಲಿ ಒಬ್ಬರ ಸಹಿ ಒಬ್ಬರು ಹಾಕುವುದು ಆ ಬೇಸಿಗೆಗೆ ನಿಂತುಹೋಯಿತು.

ಅಮ್ಮ ತೀರಿಕೊಂಡ ವರ್ಷ ನಾನು ಫೋನಿನಲ್ಲಿ ಹಳೆಯ ಚುನಾವಣೆಗಳ ಫಲಿತಾಂಶ ತೆಗೆದು ನೋಡಿದೆ. ಗೆದ್ದವರು ಇದ್ದರು, ಸೋತವರು ಇದ್ದರು. ಬೆರಳೆಣಿಕೆಯ ವೋಟು ಬಿದ್ದು ಠೇವಣಿ ಕಳೆದುಕೊಂಡ, ಯಾರಿಗೂ ಗೊತ್ತಿಲ್ಲದ ಹೆಸರುಗಳೂ ಇದ್ದವು. ಜಯಮ್ಮ ಇರಲಿಲ್ಲ. ಸೋತವರ ಸಾಲಿನಲ್ಲಿ ಕೂಡ ನಮ್ಮಮ್ಮನಿಗೆ ಒಂದು ಜಾಗ ಕೊಡಲಿಲ್ಲ ಈ ಜನ. ಆ ಹದಿನೈದು ದಿನ ಅವಳು ಗೇಟಿನ ಮುಂದೆ ಏನು ಹೇಳುವವಳಿದ್ದಳು ಎನ್ನುವುದು ಅವಳ ಜೊತೆಗೇ ಹೋಯಿತು.

ಇಲ್ಲಿಗೇ ನಿಲ್ಲಿಸಿದ್ದರೆ ನನಗೆ ಒಳ್ಳೆಯ ಹೆಸರು ಬರುತ್ತಿತ್ತು. ಬೇಡ.

ನಾನೀಗ ಶಿವಮೊಗ್ಗದ ರವೀಂದ್ರನಗರದಲ್ಲಿದ್ದೇನೆ. ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತೇನೆ, ಗಂಡನದು ಸಿಮೆಂಟ್ ಏಜೆನ್ಸಿ. ಕಳೆದ ಚುನಾವಣೆಯ ಹೊತ್ತಿನಲ್ಲಿ ಒಂದು ಮಧ್ಯಾಹ್ನ ಬೆಲ್ ಆಯಿತು. ಇಪ್ಪತ್ತೇಳು ಇಪ್ಪತ್ತೆಂಟು ವರ್ಷದ ಹುಡುಗಿ, ಹೊಳಲೂರಿನ ಕಡೆಯವಳಂತೆ, ಗಾರ್ಮೆಂಟ್ಸಿನಲ್ಲಿ ಕೆಲಸ. ಬಿಸಿಲಿಗೆ ಮುಖ ಕೆಂಪಾಗಿತ್ತು. ಪಕ್ಷೇತರಳಾಗಿ ಲೋಕಸಭೆಗೆ ನಿಲ್ಲುತ್ತಿದ್ದೇನೆ, ಏಳು ಸಹಿ ಆಗಿದೆ, ಇನ್ನು ಮೂರು ಬೇಕು ಎಂದಳು. ಕೂರಿಸಿದೆ. ಮಜ್ಜಿಗೆ ಕೊಟ್ಟೆ. ಫಾರಂ ಪೂರ್ತಿ ಓದಿದೆ. ನಾಲ್ಕು ನಾಮಪತ್ರ ಕೊಡು, ಒಂದೇ ಕೊಡಬೇಡ ಎಂದು ಬುದ್ಧಿ ಹೇಳಿದೆ. ಅವಳು ಪೆನ್ನಿನ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದಳು.

"ನಮ್ಮ ಮನೆಯವರನ್ನ ಒಂದು ಮಾತು ಕೇಳಿ ಹೇಳ್ತೀನಮ್ಮ" ಎಂದೆ.

"ನಿಮ್ಮ ಸಹಿಗೆ ಅವರನ್ನ ಯಾಕೆ ಕೇಳ್ಬೇಕು ಮೇಡಂ?" ವ್ಯಂಗ್ಯವಿರಲಿಲ್ಲ ಅವಳ ದನಿಯಲ್ಲಿ, ನಿಜವಾಗಿಯೂ ಅರ್ಥವಾಗದೆ ಕೇಳಿದಳು.

ನಾಳೆ ಬಾ ಎಂದೆ. ನಾಳೆ ಕೊನೆಯ ದಿನ ಮೇಡಂ ಎಂದಳು. ನಾನು ಗೋಡೆ ಕಡೆ ನೋಡಿದೆ. ಅವಳು ಫಾರಂ ಅನ್ನು ಮಡಿಸದೆ ಹುಷಾರಾಗಿ ಫೈಲಿನೊಳಗಿಟ್ಟು, ಮಜ್ಜಿಗೆ ಚೆನ್ನಾಗಿತ್ತು ಎಂದು ಹೇಳಿ ಪಕ್ಕದ ಮನೆಯ ಗೇಟು ತೆಗೆದಳು. ನಾನು ಬಾಗಿಲು ಹಾಕಿಕೊಂಡು ಚಿಲಕ ಇಟ್ಟೆ.

ಇಷ್ಟು ವರ್ಷ ಶಿವಣ್ಣಮಾವನಿಗೆ ಶಾಪ ಹಾಕಿದ ಬಾಯಿ ಇದು. ಅವನಿಗಾದರೂ ಕೆಲಸ ಹೋಗುವ ಹೆದರಿಕೆ ಇತ್ತು. ನನಗೆ ಏನಿತ್ತು?